ಯಾವ ಗಡಿಯಾರದ ದಿನ?

ಜೂನ್ 15, 2025, ಭಾನುವಾರ
ಉತ್ತರ ಕೆಂಟಕಿ

ಬಂದು ಹತ್ತು ದಿನವಾಯಿತು. ನಿದ್ದೆ ಮಾತ್ರ ಇನ್ನೂ ಉಡುಪಿಯಲ್ಲೇ ಉಳಿದಿದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರ. ಇವತ್ತು ಆರಾಧನೆ ಮುಗಿಸಿ ಬಂದ ಮೇಲೆ ಮೊಮ್ಮಗ ತನ್ನ ವಿಜ್ಞಾನದ ಪುಸ್ತಕ ತಂದು ತೋರಿಸಿದ. ಹನ್ನೊಂದು ವರ್ಷ ಅವನಿಗೆ. ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಪಾಠ. ಪುಸ್ತಕ ಚೆಂದವಿದೆ. ಜೀವಕೋಶದ ಚಿತ್ರವಂತೂ ನಾನು ಜೀವಮಾನವಿಡೀ ಬೋರ್ಡಿನ ಮೇಲೆ ಬರೆದ ಚಿತ್ರಗಳನ್ನೆಲ್ಲ ನಾಚಿಸುವಂತಿದೆ. ಹತ್ತು ಪುಟ ತಿರುವಿದ ಮೇಲೆ ಭೂಮಿಯ ವಯಸ್ಸು ಬಂತು: ಸುಮಾರು 6,000 ವರ್ಷ.

ಏನೂ ಹೇಳಬಾರದೆಂದು ಹೊರಡುವ ಮೊದಲೇ ನಿಶ್ಚಯ ಮಾಡಿಕೊಂಡಿದ್ದೆ. ಮಗಳು ಫೋನಿನಲ್ಲೇ ಹೇಳಿದ್ದಳು, "ಅಮ್ಮ, ಅವರ ಹತ್ತಿರ ಆ ವಿಷಯ ಎತ್ತಬೇಡಿ ಆಯ್ತಾ." ಆದರೆ ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿದ ಬಾಯಿ, ಕೇಳಬೇಕಲ್ಲ. "454 ಕೋಟಿ ವರ್ಷ ಮಗಾ" ಅಂದುಬಿಟ್ಟೆ.

ಹುಡುಗ ಸಿಟ್ಟಾಗಲಿಲ್ಲ, ಗಲಿಬಿಲಿಯೂ ಆಗಲಿಲ್ಲ. ಮೆತ್ತಗೆ ಕೇಳಿದ: "ಅಜ್ಜಿ, ಆಗ ನೀನು ಅಲ್ಲಿದ್ದೆಯಾ?" (ಅವನ ಕನ್ನಡದಲ್ಲಿ ಬಹುವಚನವೇ ಇಲ್ಲ.)

ಆಮೇಲೆ ತಿಳಿಯಿತು, ಇದು ಅವನ ಸ್ವಂತ ಪ್ರಶ್ನೆಯಲ್ಲ. ಇದೇ ಸೀಮೆಯ ಪೀಟರ್ಸ್‌ಬರ್ಗ್‌ನಲ್ಲಿ 2007ರಲ್ಲಿ ಸೃಷ್ಟಿ ಮ್ಯೂಸಿಯಂ ತೆರೆದ ಕೆನ್ ಹ್ಯಾಮ್ ಮಕ್ಕಳಿಗೆ ಹೇಳಿಕೊಡುವ ಪ್ರಶ್ನೆ. ಯಾರಾದರೂ ಕೋಟಿ ವರ್ಷದ ಮಾತೆತ್ತಿದರೆ ಹೀಗೆ ಕೇಳಬೇಕು. ಆಸ್ಟ್ರೇಲಿಯಾದಿಂದ ಬಂದು ಇಲ್ಲಿ ನೆಲೆಸಿದ ಹ್ಯಾಮ್ ಮೊದಲು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರಂತೆ. ನನ್ನದೇ ಕಸುಬು!

ಪ್ರಶ್ನೆಯ ಬೇರು ಯೋಬನ ಪುಸ್ತಕದಲ್ಲಿದೆ. ಬಿರುಗಾಳಿಯೊಳಗಿಂದ ದೇವರು ಯೋಬನನ್ನು ಹೀಗೆ ಕೇಳುತ್ತಾನೆ, ಯೋಬ ಬಾಯಿಗೆ ಕೈ ಇಟ್ಟುಕೊಳ್ಳುತ್ತಾನೆ. ದೇವರ ಬಾಯಲ್ಲಿ ಆ ಪ್ರಶ್ನೆ ಮನುಷ್ಯನ ತಲೆ ತಗ್ಗಿಸುತ್ತದೆ. ಹನ್ನೊಂದು ವರ್ಷದ ಹುಡುಗನ ಬಾಯಿಗೆ ಅದನ್ನು ಕೊಟ್ಟರೆ ಕೇಳಿದವನದೇ ತಲೆ ಮೇಲೇಳುತ್ತದೆ. "ಇರಲಿಲ್ಲ ಮಾರಾಯ" ಅಂದೆ. ಅವನು ಗೆದ್ದ ಖುಷಿಯಲ್ಲಿ ಬಾಳೆಹಣ್ಣು ತಿನ್ನಲು ಹೋದ.

ಜೂನ್ 21, ಶನಿವಾರ

ಅಳಿಯ ನಾವೆ ತೋರಿಸಲು ಕರೆದುಕೊಂಡು ಹೋದ. ವಿಲಿಯಮ್ಸ್‌ಟೌನ್ ಎಂಬ ಊರು. ಕಾರನ್ನು ದೂರದಲ್ಲಿ ನಿಲ್ಲಿಸಿ ಅವರದೇ ಬಸ್ಸು ಹತ್ತಬೇಕು. ತಿರುವು ಕಳೆದದ್ದೇ, ಗುಡ್ಡದ ಮೇಲೆ ನೋಹನ ನಾವೆ. ನಗಬೇಕೆಂದು ಹೋದವಳು ಸುಮ್ಮನೆ ನಿಂತುಬಿಟ್ಟೆ. 510 ಅಡಿ ಉದ್ದ, 85 ಅಡಿ ಅಗಲ, 51 ಅಡಿ ಎತ್ತರ. ಮಲ್ಪೆಯಲ್ಲಿ ದೋಣಿ ಕಟ್ಟುವುದನ್ನು ನೋಡುತ್ತಾ ಬೆಳೆದ ನನಗೆ ಮರದ ಕೆಲಸ ಕಂಡರೆ ಗೌರವ ತಾನಾಗಿ ಬರುತ್ತದೆ. ಆ ಹಲಗೆಗಳು, ಆ ಕಂಬಗಳು, ಒಳಗೆ ಹೆಜ್ಜೆಯಿಟ್ಟಾಗ ಮೂಗಿಗೆ ಬಡಿಯುವ ಮರದ ವಾಸನೆ! 2016ರ ಜುಲೈ 7ರಂದು ತೆರೆದದ್ದಂತೆ. ಏಳನೇ ತಿಂಗಳ ಏಳನೇ ದಿನ, ಆದಿಕಾಂಡದ ಏಳನೇ ಅಧ್ಯಾಯದ ಏಳನೇ ವಚನದ ಲೆಕ್ಕಕ್ಕೆ. ಸತ್ಯವೇದದಲ್ಲಿ ಉದ್ದ 300 ಮೊಳ. ನಮ್ಮ ಮೊಳ 18 ಇಂಚಾದರೆ ಇವರು ಹಿಡಿದದ್ದು 20.4 ಇಂಚಿನ ಮೊಳ. ಅಳತೆಯಲ್ಲಿ ಎಲ್ಲಿಯೂ ಉಡಾಫೆಯಿಲ್ಲ.

ಮೂರು ಅಂತಸ್ತು. ಪಂಜರಗಳಲ್ಲಿ ಪ್ರಾಣಿಗಳ ಗೊಂಬೆ. ಒಂದರಲ್ಲಿ ಡೈನೊಸಾರ್ ಮರಿ. ಮೊಮ್ಮಗ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಅಜ್ಜಿಯೂ ಪಕ್ಕದಲ್ಲಿ ನಿಂತಿದ್ದಾಳೆ, ನಗುಮುಖದಲ್ಲಿ.

ಇಷ್ಟೆಲ್ಲ ಪ್ರಾಣಿಗಳು ಹಿಡಿಸಿದ್ದು ಹೇಗೆ ಎಂಬುದಕ್ಕೆ ಉತ್ತರ ಗೋಡೆಯ ಮೇಲಿದೆ. ನೋಹ ಹತ್ತಿಸಿಕೊಂಡದ್ದು ಇವತ್ತಿನ ಪ್ರಭೇದಗಳನ್ನಲ್ಲ, ಮೂಲ 'ಜಾತಿ'ಗಳನ್ನು ಮಾತ್ರ. ಸುಮಾರು 1,400 ಜಾತಿ, ಒಟ್ಟು 7,000ಕ್ಕಿಂತ ಕಡಿಮೆ ಪ್ರಾಣಿ. ಬೆಕ್ಕಿನ ಜಾತಿ ಒಂದು ಜೋಡಿ. ಹುಲಿ, ಸಿಂಹ, ಚಿರತೆ, ನಮ್ಮ ಮನೆಯ ಹಂಚಿನ ಮೇಲೆ ಮಲಗುವ ಬೆಕ್ಕು, ಎಲ್ಲವೂ ಆಮೇಲೆ ಅದರಿಂದ ಕವಲೊಡೆದವು. ಪ್ರಳಯವಾದದ್ದು ಅವರ ಲೆಕ್ಕದಲ್ಲಿ ಕ್ರಿ.ಪೂ. 2348. ಅಂದರೆ ನಾಲ್ಕು ಸಾವಿರದ ಚಿಲ್ಲರೆ ವರ್ಷದೊಳಗೆ ಈ ಸಡಗರವೆಲ್ಲ ಮುಗಿದಿರಬೇಕು. ಡಾರ್ವಿನ್‌ಗೂ ಇಷ್ಟು ಅವಸರ ಇರಲಿಲ್ಲ.

ಬೇರೆ ಯಾರಿಗೂ ತಟ್ಟದ ಒಂದು ಮಾತು ಅಲ್ಲಿ ನನಗೆ ತಟ್ಟಿತು. ದೇವರು ಗಿಡಮರಗಳನ್ನೂ ಪ್ರಾಣಿಗಳನ್ನೂ ಸೃಷ್ಟಿಸುವ ಕಡೆ ನಮ್ಮ ಕನ್ನಡ ಸತ್ಯವೇದ ಬಳಸುವ ಪದವೂ 'ಜಾತಿ'ಯೇ. ಚಿಕ್ಕಂದಿನಿಂದ ಎಷ್ಟು ಸಲ ಓದಿದ್ದೇನೋ. ನನ್ನ ಮುತ್ತಜ್ಜನದು ಶೇಂದಿ ಇಳಿಸುವ ಮನೆತನ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರ ಮಾತು ಕೇಳಿ ದೀಕ್ಷಾಸ್ನಾನ ಪಡೆದವನು. ಜಾತಿ ಸೃಷ್ಟಿಯಲ್ಲೇ ಗೀರಿಟ್ಟದ್ದು, ಬದಲಾಗದು ಎಂದವರ ನಡುವಿನಿಂದ ಎದ್ದು ಬಂದ ಮನುಷ್ಯ. ಅವನ ಮರಿಮೊಮ್ಮಗಳು ಏಳು ಸಮುದ್ರ ದಾಟಿ ಬಂದು, ಜಾತಿಯ ಗೆರೆ ದೇವರೇ ಎಳೆದದ್ದು, ಯಾವುದೂ ಅದನ್ನು ದಾಟದು ಎಂಬ ಬರಹವನ್ನು ಗಾಜಿನ ಹಿಂದೆ ಓದುತ್ತಿದ್ದಾಳೆ. ಅವರು ಹೇಳುತ್ತಿರುವುದು ಬೇರೆ ಜಾತಿಯ ವಿಷಯ, ಗೊತ್ತು. ಆದರೂ.

ಜೂನ್ 24, ಮಂಗಳವಾರ, ರಾತ್ರಿ

ನಿದ್ದೆ ಇಲ್ಲ. ಅಪ್ಪ ನೆನಪಾಗುತ್ತಿದ್ದಾರೆ.

ಹಂಚಿನ ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತ, ಭಾನುವಾರ ಸಂಡೇ ಸ್ಕೂಲಿನ ಮೇಷ್ಟ್ರು. ಆದಿಕಾಂಡದ ಮೊದಲ ಅಧ್ಯಾಯ ಬಾಯಿಪಾಠ. ಎಂಟೋ ಒಂಬತ್ತೋ ವಯಸ್ಸಿನಲ್ಲಿ ನಾನೊಮ್ಮೆ ಕೇಳಿದ್ದೆ: ಸೂರ್ಯ ಬಂದದ್ದು ನಾಲ್ಕನೇ ದಿನ, ಹಾಗಾದರೆ ಮೊದಲಿನ ಮೂರು ದಿನ ಯಾವ ಗಡಿಯಾರದ್ದು? ಅಪ್ಪ ಚಹಾದ ಗ್ಲಾಸು ಕೆಳಗಿಟ್ಟು ನಕ್ಕರು. "ಅದು ದೇವರ ಹಾಜರಿ ಪುಸ್ತಕ ಮಗಾ. ನಮ್ಮ ಕಾರ್ಖಾನೆಯ ಸೈರನ್ ಕೇಳಿ ಬರೆದದ್ದಲ್ಲ." ಅಷ್ಟೇ. ಮುಂದಿನ ವಾರ ಅದೇ ಆರು ದಿನವನ್ನು ಅದೇ ಭಕ್ತಿಯಿಂದ ಮಕ್ಕಳಿಗೆ ಹೇಳಿದರು.

ಎಷ್ಟೋ ವರ್ಷದ ಮೇಲೆ ಓದಿದೆ: ಸಂತ ಅಗಸ್ಟೀನನೂ ಐದನೇ ಶತಮಾನದ ಆರಂಭದಲ್ಲಿ ಇದೇ ದಿನಗಳ ಮುಂದೆ ನಿಂತು ತಲೆ ಕೆರೆದುಕೊಂಡಿದ್ದ. ಆಕಾಶ, ಭೂಮಿ, ಪ್ರಾಣಿಗಳ ವಿಷಯ ಬಲ್ಲ ಅನ್ಯರ ಎದುರು ಕ್ರೈಸ್ತನೊಬ್ಬ ಸತ್ಯವೇದ ಹಿಡಿದು ಅಸಂಬದ್ಧ ಮಾತಾಡಿದರೆ ನಗೆಗೀಡಾಗುವುದು ಸತ್ಯವೇದವೇ ಎಂದು ಎಚ್ಚರಿಸಿಯೂ ಇದ್ದ. ಅಪ್ಪ ಅಗಸ್ಟೀನನನ್ನು ಓದಿದವರಲ್ಲ. ಹಾಜರಿ ಪುಸ್ತಕ ಬರೆದವರು, ಯಾವ ಪುಸ್ತಕ ಯಾವುದಕ್ಕೆ ಎಂದು ಗೊತ್ತಿತ್ತು.

ಒಂದು ಸಲ ಮಲ್ಪೆಯಿಂದ ದೋಣಿಯಲ್ಲಿ ತೋನ್ಸೆಪಾರಿಗೆ ಕರೆದುಕೊಂಡು ಹೋಗಿದ್ದರು. ಸೇಂಟ್ ಮೇರೀಸ್ ದ್ವೀಪ; 1498ರಲ್ಲಿ ವಾಸ್ಕೋ ಡ ಗಾಮ ಇಳಿದು ಮರಿಯಮ್ಮನ ಹೆಸರಿಟ್ಟ ಎನ್ನುತ್ತಾರೆ. ಒಂದಕ್ಕೊಂದು ಒತ್ತಿ ನಿಲ್ಲಿಸಿದಂತೆ ಕಲ್ಲುಕಂಬಗಳು, ಹೆಚ್ಚಿನವಕ್ಕೆ ಐದಾರು ಮೂಲೆ. ಅಪ್ಪ ಬಗ್ಗಿ ಸವರಿ, "ಎಂಥ ಅಚ್ಚು ನೋಡು" ಅಂದರು, ಹಂಚಿನವರ ಮಾತಿನಲ್ಲಿ. ಲಾವಾ ತಣ್ಣಗಾಗಿ ಬಿರಿದ ಕಂಬಗಳವು, ಸುಮಾರು 8.8 ಕೋಟಿ ವರ್ಷ ಹಿಂದಿನವು, ಮಡಗಾಸ್ಕರ್ ನಮ್ಮ ಕರಾವಳಿಯಿಂದ ಕಳಚಿಕೊಂಡ ಕಾಲದವು ಎಂದು ನನಗೆ ತಿಳಿದದ್ದು ಕಾಲೇಜಿನಲ್ಲಿ. ಮನೆಗೆ ಬಂದು ಹೇಳಿದಾಗ ಅಪ್ಪ, "ಹೌದಾ! ಅಷ್ಟು ಹಳತಾ!" ಎಂದು ಖುಷಿಪಟ್ಟರು. ಸತ್ಯವೇದ ಕಪಾಟಿನಲ್ಲಿ ಇದ್ದ ಹಾಗೆಯೇ ಇತ್ತು.

ಆದರೆ ಅಪ್ಪನ ಈ ನಿರಾಳ ನನಗೆ ಬರಲಿಲ್ಲ. ಬರೆದೇ ಬಿಡುತ್ತೇನೆ, ಈ ದಿನಚರಿಯನ್ನು ಓದುವವರು ಯಾರಿದ್ದಾರೆ? ಮೂವತ್ತೊಂದು ವರ್ಷವೂ ವಿಕಾಸದ ಪಾಠವನ್ನು ನಾನು ಕೊನೆಗೆ ತಳ್ಳಿದೆ. ಪರೀಕ್ಷೆ ಹತ್ತಿರ ಬಂದಾಗ ನಾಲ್ಕು ಪೀರಿಯಡ್‌ನಲ್ಲಿ ನೋಟ್ಸ್ ಬರೆಸಿ ಮುಗಿಸುತ್ತಿದ್ದೆ. ಒಬ್ಬಳು ಹುಡುಗಿ ಎದ್ದು ಕೇಳಿದ್ದಳು, "ಮಿಸ್, ನೀವು ಕ್ರಿಶ್ಚಿಯನ್ ಅಲ್ವಾ? ಇದನ್ನು ನಂಬ್ತೀರಾ?" ನಾನು, "ಸಿಲೆಬಸ್‌ನಲ್ಲಿ ಉಂಟು, ಬರಕೊಳ್ಳಿ" ಅಂದೆ. ಭಾನುವಾರ ಸಂಡೇ ಸ್ಕೂಲಿನಲ್ಲಿ ಆರು ದಿನದ ಚಿತ್ರಗಳನ್ನು ಹಲಗೆಗೆ ಅಂಟಿಸುತ್ತಿದ್ದೆ. ಎರಡು ಕಪಾಟು, ಎರಡು ಬೀಗ. ಒಂದನ್ನು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಜನ ಅದನ್ನು ಸಮತೋಲನ ಅಂದುಕೊಂಡರು. ನನಗೆ ಗೊತ್ತು, ಹೇಡಿತನ.

2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಭಾಗ ತೆಗೆದಾಗ ನಾನೂ ಎಲ್ಲರ ಜೊತೆ ಕೂಗಿದೆ. ನನ್ನ ತರಗತಿಯಲ್ಲಿ ಅದು ಇದ್ದೂ ಇರಲಿಲ್ಲವಲ್ಲ.

ಜುಲೈ 6, ಭಾನುವಾರ

ನೀರುದೋಸೆ ಎರೆಯುತ್ತಿದ್ದೆ. ಮಗಳು ಹುಡುಗನನ್ನು ಈಜಿಗೆ ಕರೆದೊಯ್ದಿದ್ದಳು. ಅಳಿಯ ಚಹಾ ಹಿಡಿದು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತ. ವಿಮಾನದ ಇಂಜಿನ್ನಿನ ಬಿಡಿಭಾಗಗಳು ಮುರಿದು ಬಂದರೆ ಏಕೆ ಮುರಿದವು ಎಂದು ಪತ್ತೆ ಹಚ್ಚುವುದು ಅವನ ಕೆಲಸ. ಏನಾದರೂ ಮಾತಾಡಬೇಕಲ್ಲ, ಅದರ ಬಗ್ಗೆಯೇ ಕೇಳಿದೆ.

ಕಣ್ಣು ಹೊಳೆಯಿತು. "ಲೋಹ ಒಂದೇ ಸಲ ಮುರಿಯುವುದಿಲ್ಲ ಮಾಮಿ. ಸಣ್ಣ ಬಿರುಕು ಬಿಟ್ಟಿರುತ್ತದೆ. ಒಂದೊಂದು ಸಲ ಒತ್ತಡ ಬಿದ್ದಾಗಲೂ ಒಂದು ಕೂದಲಷ್ಟೂ ಇಲ್ಲದ ಗೆರೆ ಮುಂದಕ್ಕೆ ಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ಗೆರೆ ಎಣಿಸಬಹುದು. ಬಿರುಕು ಎಲ್ಲಿ ಶುರುವಾಯಿತು, ಎಷ್ಟು ಹಾರಾಟ ತಡೆದುಕೊಂಡಿತು, ಎಲ್ಲ ಬರೆದಿಟ್ಟ ಹಾಗೆ ಇರುತ್ತದೆ. ಬ್ಲೇಡು ಸುಳ್ಳು ಹೇಳುವುದಿಲ್ಲ."

ನಾಲಿಗೆಯ ತುದಿಗೆ ಬಂದಿತ್ತು: ಆಗ ನೀವು ಅಲ್ಲಿದ್ದಿರಾ? ದೋಸೆ ಮಗುಚಿದೆ. (ನೀರುದೋಸೆ ಮಗುಚುವುದಿಲ್ಲ. ಆ ಗಡಿಬಿಡಿಯಲ್ಲಿ ಮಗುಚಿದೆ.)

ನನ್ನ ಮೌನ ಅವನಿಗೆ ಅರ್ಥವಾಯಿತೇನೋ. ತಾನೇ ಮಾತು ತೆಗೆದ. "ನಾನು ದಡ್ಡ ಅಂತ ನೀವು ತಿಳಿದುಕೊಂಡಿದ್ದೀರಿ ಮಾಮಿ."

"ಛೆ, ಹಾಗಲ್ಲ."

"ಪರವಾಗಿಲ್ಲ. ಆದರೆ ಕಲ್ಲಿನ ವಯಸ್ಸು ನನಗೆ ದೊಡ್ಡ ವಿಷಯವಲ್ಲ. ಸಾವು ದೊಡ್ಡ ವಿಷಯ." ಅವನ ತಂಗಿ ಹದಿಮೂರಕ್ಕೆ ಜ್ವರ ಬಂದು ತೀರಿಕೊಂಡದ್ದು ನನಗೆ ಗೊತ್ತಿತ್ತು, ಅವನ ಬಾಯಿಂದ ಕೇಳಿರಲಿಲ್ಲ. "ಸಾವು ಶತ್ರು ಅಂತ ಪೌಲ ಹೇಳಿದ್ದು, ಅಲ್ಲವಾ? ಪಾಪದಿಂದ ಬಂತು, ಶಿಲುಬೆಯಲ್ಲಿ ಸೋತಿತು. ಆದಾಮನಿಗಿಂತ ಮೊದಲೇ ಕೋಟಿ ಕೋಟಿ ವರ್ಷ ಸಾಯುತ್ತಾ ಬಂದದ್ದೇ ಸೃಷ್ಟಿಯ ಕ್ರಮವಾದರೆ, ಅವಳ ಸಾವೂ ಆ ಕ್ರಮದಲ್ಲಿ ಒಂದು. ಅಂಥ ದೇವರ ಮುಂದೆ ನಾನು ಹೇಗೆ ಮೊಣಕಾಲೂರಲಿ ಹೇಳಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಪೌಲ ಹೇಳಿದ್ದು ಮನುಷ್ಯನ ಸಾವಿನ ಬಗ್ಗೆ, ಚಿಪ್ಪುಮೀನಿನ ಸಾವಿನ ಬಗ್ಗೆ ಅಲ್ಲ ಎನ್ನಬಹುದಿತ್ತು. ಓದಿದ್ದೇನೆ ಅದನ್ನು. ಓದಿದ್ದನ್ನು ತಂಗಿಯನ್ನು ಕಳೆದುಕೊಂಡವನ ಮುಂದೆ ಹೇಳಲು ಬಾಯಿ ಬರಲಿಲ್ಲ. ನಮ್ಮ ಯಜಮಾನರು ತೀರಿಕೊಂಡ ವರ್ಷ ನಾನೂ ರಾತ್ರಿ ಕುಳಿತು ದೇವರೊಂದಿಗೆ ಜಗಳವಾಡಿದವಳೇ. ಆಗ ನನಗೆ ಬೇಕಾದದ್ದು 454 ಕೋಟಿಯೂ ಅಲ್ಲ, 6,000ವೂ ಅಲ್ಲ.

ಜುಲೈ 20, ಭಾನುವಾರ
ಡೇಟನ್, ಟೆನೆಸ್ಸಿ

ಚಾಟನೂಗಾದಲ್ಲಿ ಅಳಿಯನ ಗೆಳೆಯರ ಮನೆಗೆ ಬಂದದ್ದು. ಹತ್ತಿರದಲ್ಲೇ ಡೇಟನ್ ಇದೆ ಎಂದು ತಿಳಿದು ನಾನೇ ಹಟ ಹಿಡಿದು ಹೊರಡಿಸಿದೆ. ಇವತ್ತಿಗೆ ಸರಿಯಾಗಿ ನೂರು ವರ್ಷ. 1925ರ ಜುಲೈ 20, ಸೋಮವಾರ, ಈ ಕೋರ್ಟಿನ ಹುಲ್ಲಿನಂಗಳದಲ್ಲಿ, ಒಳಗೆ ಸೆಕೆ ತಡೆಯದೆ, ಜನರ ಭಾರಕ್ಕೆ ನೆಲ ಕುಸಿದೀತೆಂಬ ಹೆದರಿಕೆಯಲ್ಲಿ, ವಿಚಾರಣೆಯನ್ನೇ ಮರದ ನೆರಳಿಗೆ ತಂದಿದ್ದರು. ಮನುಷ್ಯ ಕೆಳಗಿನ ಪ್ರಾಣಿಗಳಿಂದ ಬಂದನೆಂದು ಸರ್ಕಾರಿ ಶಾಲೆಯಲ್ಲಿ ಕಲಿಸಬಾರದೆಂದು ಟೆನೆಸ್ಸಿ ಆ ವರ್ಷ ಕಾನೂನು ಮಾಡಿತ್ತು. ಅದನ್ನು ಮುರಿದ ಆರೋಪ 24 ವರ್ಷದ ಮೇಷ್ಟ್ರು ಜಾನ್ ಸ್ಕೋಪ್ಸ್ ಮೇಲೆ. ಊರಿಗೆ ನಾಲ್ಕು ಜನ ಬರಲಿ, ವ್ಯಾಪಾರವಾಗಲಿ ಎಂದು ಔಷಧಿ ಅಂಗಡಿಯೊಂದರಲ್ಲಿ ಕೂತು ಹೂಡಿದ ಮೊಕದ್ದಮೆ. ಕೊನೆಗೆ 100 ಡಾಲರ್ ದಂಡ. ಮುಂದೆ ಮೇಲಿನ ಕೋರ್ಟಿನಲ್ಲಿ ತಾಂತ್ರಿಕ ಕಾರಣಕ್ಕೆ ಅದೂ ಹೋಯಿತು. ಕಾನೂನು ಮಾತ್ರ 1967ರವರೆಗೂ ಇತ್ತು.

ಅಂಗಳದಲ್ಲಿ ಎರಡು ಪ್ರತಿಮೆಗಳು. ಸರ್ಕಾರದ ಕಡೆ ವಾದಿಸಿದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ 2005ರಲ್ಲಿ ಬಂದರು. ಸ್ಕೋಪ್ಸ್ ಪರ ವಾದಿಸಿದ ಕ್ಲಾರೆನ್ಸ್ ಡ್ಯಾರೋ 2017ರಲ್ಲಿ. ಅಳಿಯ ಬ್ರಯನ್‌ನ ಕೆಳಗೆ ನಿಂತ, ನಾನು ಡ್ಯಾರೋ ಕೆಳಗೆ. ಮಗಳು ಫೋಟೋ ತೆಗೆದು ನಕ್ಕಳು. ಈ ಸಲ ಅವಳಿಗೂ ಭಯವಿರಲಿಲ್ಲ.

ಆದರೆ ನಿಂತದ್ದು ತಪ್ಪಿತೇನೋ, ನಾವಿಬ್ಬರೂ. ಆ ದಿನ ಡ್ಯಾರೋ ಸವಾಲಿಗೆ ಉತ್ತರಿಸುತ್ತಾ ಬ್ರಯನ್, ಸೃಷ್ಟಿಯ ದಿನಗಳು 24 ಗಂಟೆಯವೇ ಆಗಿರಬೇಕೆಂದಿಲ್ಲ, ದೀರ್ಘ ಕಾಲಗಳಾಗಿರಬಹುದು ಎಂದು ಒಪ್ಪಿಕೊಂಡಿದ್ದರು. ಅಪ್ಪನ ಪಕ್ಷ! ನಾವೆ ಕಟ್ಟಿದವರ ಲೆಕ್ಕದಲ್ಲಿ ಅವರು ಫೇಲು. ಇನ್ನು ಸ್ಕೋಪ್ಸ್ ಪಾಠ ಮಾಡಿದರೆನ್ನಲಾದ 1914ರ 'ಸಿವಿಕ್ ಬಯಾಲಜಿ' ಪುಸ್ತಕ. ಅದರಲ್ಲಿ ಮನುಷ್ಯರನ್ನು ಐದು ಜನಾಂಗ ಮಾಡಿ ಬಿಳಿಯರನ್ನು ಎಲ್ಲರಿಗಿಂತ ಮೇಲೆ ಕೂರಿಸಿದೆ. ಕೆಲವು ಬಡ ಕುಟುಂಬಗಳನ್ನು ಪರಾವಲಂಬಿಗಳೆಂದು ಕರೆದು ಅವರ ಸಂತಾನ ತಡೆಯಬೇಕೆಂದಿದೆ. ವಿಜ್ಞಾನದ ಹೆಸರಿನಲ್ಲಿ. ಬಲವಿದ್ದವನೇ ಬಾಳಬೇಕೆಂಬ ನೀತಿಗೆ ಡಾರ್ವಿನ್ ದಾರಿ ಮಾಡಿಕೊಡುತ್ತಾನೆ ಎಂಬುದು ಬ್ರಯನ್‌ರ ದೊಡ್ಡ ಹೆದರಿಕೆಯಾಗಿತ್ತು. ಶೇಂದಿ ಇಳಿಸುವವನ ಮರಿಮೊಮ್ಮಗಳು ಆ ಪುಸ್ತಕವನ್ನು ತರಗತಿಯಲ್ಲಿ ಹಿಡಿದು ನಿಂತಿದ್ದರೆ ಏನು ಮಾಡುತ್ತಿದ್ದಳು? "ಸಿಲೆಬಸ್‌ನಲ್ಲಿ ಉಂಟು, ಬರಕೊಳ್ಳಿ"?

ಕಾರಿನಲ್ಲಿ ಅಳಿಯನಿಗೆ ಬ್ರಯನ್‌ರ ಮಾತು ಹೇಳಿದೆ. ಅವನಿಗೆ ಗೊತ್ತಿತ್ತು. "ಅಲ್ಲೇ ಅವರು ಸೋತದ್ದು ಮಾಮಿ" ಅಂದ.

ಜುಲೈ 23, ಬುಧವಾರ

ಅಳಿಯನ ಕಪಾಟಿನಲ್ಲಿ 1961ರ 'ಜೆನೆಸಿಸ್ ಫ್ಲಡ್' ಸಿಕ್ಕಿತು. ಜಾನ್ ವಿಟ್ಕಂಬ್ ಮತ್ತು ಹೆನ್ರಿ ಮಾರಿಸ್ ಬರೆದದ್ದು. ಈ 6,000 ವರ್ಷದ ಮಾತು ಇವತ್ತಿನ ರೂಪದಲ್ಲಿ ಹಬ್ಬಿದ್ದು ಇದರಿಂದಲೇ. ಮಾರಿಸ್ ಜಲ ಎಂಜಿನಿಯರ್. ನೀರು, ಕೆಸರು, ಒತ್ತಡ, ಎಲ್ಲಕ್ಕೂ ಲೆಕ್ಕ, ಅಡಿಟಿಪ್ಪಣಿಗಳ ಸಾಲು. ಓದುತ್ತಾ ಹೋದಂತೆ ಅನ್ನಿಸಿತು, ಇದು ವಿಜ್ಞಾನವನ್ನು ತಳ್ಳಿಹಾಕುವವರ ಪುಸ್ತಕವೇ ಅಲ್ಲ. ವಿಜ್ಞಾನದ ಸೀಲು ಬೀಳದೆ ಸತ್ಯವೇದ ನಿಲ್ಲಲಾರದು ಎಂದು ಒಳಗೊಳಗೇ ಒಪ್ಪಿಕೊಂಡವರದು. ಅಪ್ಪನಿಗೆ ಆ ಸೀಲು ಬೇಕಿರಲಿಲ್ಲ.

ಜಾರ್ಜ್ ಲೆಮೈತ್ರ್‌ಗೂ ಬೇಕಿರಲಿಲ್ಲ. ಬೆಲ್ಜಿಯಂನ ಪಾದ್ರಿ, ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿದವರು, ಮಹಾಸ್ಫೋಟದ ಕಲ್ಪನೆಗೆ ತಾಯಿಬೇರು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಆ ಸಿದ್ಧಾಂತ ಸೃಷ್ಟಿಗೆ ಸಾಕ್ಷಿ ಎಂಬ ಅರ್ಥದಲ್ಲಿ ಮಾತಾಡಿದಾಗ ಕಸಿವಿಸಿಪಟ್ಟವರು ಲೆಮೈತ್ರ್ ಅವರೇ. ದೇವರಿಗೆ ನನ್ನ ಸಮೀಕರಣದ ಊರುಗೋಲು ಬೇಡ ಎಂಬ ಧಾಟಿ.

ಇಷ್ಟು ಬರೆದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ಲೆಮೈತ್ರ್ ಎರಡು ಕಪಾಟುಗಳನ್ನೂ ತೆರೆದಿಟ್ಟು ನಡುವೆ ಕುಳಿತವರು. ನಾನು ಬೀಗ ಹಾಕಿದವಳು. ಅಳಿಯನಿಗಾದರೂ ಇಡೀ ಲೋಕ ಒಂದೇ ಕಪಾಟಿನಲ್ಲಿ ಇರಬೇಕೆಂಬ ಹಟವಿದೆ. ಅದನ್ನು ತುರುಕುವ ರೀತಿ ತಪ್ಪು, ಹಟ ತಪ್ಪಲ್ಲ.

ಜುಲೈ 26, ಶನಿವಾರ

ಮನೆಯ ಹಿಂದೆ ತೊರೆಯಿದೆ, ಮೊಣಕಾಲಿನಷ್ಟೂ ನೀರಿಲ್ಲ. ದಿನವೂ ಹುಡುಗನ ಜೊತೆ ಹೋಗುತ್ತೇನೆ. ಅಂಗೈ ದಪ್ಪದ ಸುಣ್ಣಕಲ್ಲಿನ ಪದರ, ಅದರ ಮೇಲೆ ಉಗುರಿಗೆ ಕೀಳುವ ಜೇಡಿಗಲ್ಲು, ಮತ್ತೆ ಸುಣ್ಣಕಲ್ಲು. ಪದರ ಪದರದಲ್ಲೂ ಚಿಪ್ಪು. ಈ ಸಿನ್ಸಿನಾಟಿ ಸೀಮೆ ಇದಕ್ಕೇ ಜಗತ್ಪ್ರಸಿದ್ಧ. ಸುಮಾರು 45 ಕೋಟಿ ವರ್ಷದ ಹಿಂದೆ, ಭೂಮಧ್ಯರೇಖೆಯ ದಕ್ಷಿಣಕ್ಕೆ ಇದ್ದಾಗ, ಇದು ಆಳವಿಲ್ಲದ ಬೆಚ್ಚಗಿನ ಕಡಲು. ಸೃಷ್ಟಿ ಮ್ಯೂಸಿಯಂ ನಿಂತಿರುವುದೂ ಇಂಥ ಕಲ್ಲಿನ ಮೇಲೆಯೇ. ಅದೇ ಕೌಂಟಿಯ ಬಿಗ್ ಬೋನ್ ಲಿಕ್ ಎಂಬಲ್ಲಿಂದ ಆನೆಯಂಥ ಪ್ರಾಣಿಗಳ ಮೂಳೆ ಅಗೆದು ತರಲು ಆಗಿನ ಅಧ್ಯಕ್ಷ ಜೆಫರ್ಸನ್ 1807ರಲ್ಲಿ ಜನ ಕಳುಹಿಸಿದ್ದರು. ಅಗೆದಲ್ಲೆಲ್ಲ ಸತ್ತವರ ಊರು.

ವಯಸ್ಸಿನ ಮಾತು ನಾನು ಎತ್ತಲಿಲ್ಲ. ನೋಡಲು ಹೇಳಿದೆ, ಅಷ್ಟೆ. ನನ್ನ ಹಳೆಯ ಕೈಲೆನ್ಸು ಅವನ ಕುತ್ತಿಗೆಯಲ್ಲಿದೆ. ಹವಳಗಳಿಗೆ ದಿನದಿನದ ಗೆರೆ ಬೀಳುತ್ತದೆ, ಹಳೆಯ ಹವಳಗಳಲ್ಲಿ ವರ್ಷಕ್ಕೆ ಸುಮಾರು 400 ಗೆರೆ ಇರುವುದನ್ನು 1963ರಲ್ಲಿ ಜಾನ್ ವೆಲ್ಸ್ ಎಂಬವರು ಎಣಿಸಿದರು, ಆಗ ಭೂಮಿ ಈಗಿನದಕ್ಕಿಂತ ಬೇಗ ತಿರುಗುತ್ತಿತ್ತು ಎಂದು ಹೇಳಿದಾಗ ಹುಡುಗ ಕೇಳಿದ, "ಅಂದರೆ ದಿನ ಚಿಕ್ಕದಾ?" ಚಿಕ್ಕದು ಅಂದೆ. ಆ ದಿನ ಯಾವ ಗಡಿಯಾರದ್ದು ಎಂದು ಅವನು ಕೇಳಲಿಲ್ಲ.

ಇವತ್ತು ಅಳಿಯನೂ ಬಂದ, ಪ್ಯಾಂಟು ಮಡಚಿ. ಹುಡುಗ ಒಡೆದ ಚಿಪ್ಪೊಂದನ್ನು ಎತ್ತಿ ಕೂಗಿದ. ಚಿಪ್ಪಿನ ಒಳಮೈಗೆ ಜೇನುಗೂಡಿನಂಥ ಸಣ್ಣ ಸಣ್ಣ ತೂತುಗಳ ಹೊದಿಕೆ.

"ಅಜ್ಜಿ, ಇದು ಬ್ರಯೊಜೋವ. ಒಳಗೆ ಹೇಗೆ ಬಂತು?"

"ನೀನೇ ಹೇಳು."

ಸ್ವಲ್ಪ ಹೊತ್ತು ಯೋಚಿಸಿದ. "ಚಿಪ್ಪಿನದ್ದು ಸತ್ತಿರಬೇಕು. ಬಾಯಿ ಬಿಟ್ಟು ಖಾಲಿ ಬಿದ್ದಿರಬೇಕು. ಆಮೇಲೆ ಇದು ಬಂದು ಮನೆ ಮಾಡಿದೆ." ತಂದೆಯ ಕಡೆ ತಿರುಗಿದ. "ಪ್ರಳಯದ ಕೆಸರಿನೊಳಗೆ ಮನೆ ಮಾಡಲು ಟೈಮ್ ಇತ್ತಾ ಪಪ್ಪಾ?"

"ಪ್ರಳಯಕ್ಕೆ ಮೊದಲೇ ಬೆಳೆದಿರಬಹುದು. ನೀರು ಹೊತ್ತು ತಂದಿರಬಹುದು" ಅಂದ ಅಳಿಯ. ಉತ್ತರ ಕೆಟ್ಟದ್ದಲ್ಲ. ಹುಡುಗನಿಗೂ ಸಾಕಾಯಿತೇನೋ, ಬಗ್ಗಿ ಕೆಳಗಿನ ಪದರ ಕೆದಕಿದ. ಅಲ್ಲಿಂದ ಇನ್ನೊಂದು ತೆಗೆದ. ಅದರೊಳಗೂ ಅದೇ ಹೊದಿಕೆ. ಏನೂ ಹೇಳದೆ ಅದನ್ನೂ ಮೊದಲಿನದರ ಪಕ್ಕ ಕಲ್ಲಿನ ಮೇಲಿಟ್ಟ. ನಾನು ಬಾಯಿ ಬಿಗಿಹಿಡಿದು ನಿಂತೆ.

ಅಳಿಯ ಲೆನ್ಸು ಕೇಳಿ ಪಡೆದ. ಚಿಪ್ಪನ್ನು ಕಣ್ಣಿನ ಹತ್ತಿರ ತಂದವನು, ಏನೋ ನೆನಪಾದಂತೆ ಅದನ್ನು ಓರೆ ಮಾಡಿ ಹಿಡಿದ, ಬೆಳಕು ಪಕ್ಕದಿಂದ ಬೀಳುವ ಹಾಗೆ. ಹೊರಮೈಯ ಬೆಳವಣಿಗೆಯ ಗೆರೆಗಳು ಎದ್ದು ಕಂಡವು. ಮುರಿದ ಬ್ಲೇಡನ್ನೂ ಹೀಗೆಯೇ ಹಿಡಿಯುತ್ತಾನೇನೋ. ತುಟಿ ಅಲುಗುತ್ತಿತ್ತು. ಹತ್ತಿರ ಹೋದಾಗ ಕೇಳಿಸಿತು, ಇಷ್ಟು ವರ್ಷ ಅಮೆರಿಕಾದಲ್ಲಿದ್ದರೂ ಎಣಿಕೆ ಮಾತ್ರ ಅವನ ತಾಯಿಯ ತುಳುವಿನಲ್ಲೇ: "ಒಂಜಿ, ರಡ್ಡ್, ಮೂಜಿ, ನಾಲ್..."

ಮೇಲಿನಿಂದ ಮಗಳು ಊಟಕ್ಕೆ ಕರೆದಳು. ಹುಡುಗ ಓಡಿದ. ಅಳಿಯ ಕೈಯೆತ್ತಿ, ಒಂದು ನಿಮಿಷ ಎಂದು ಸನ್ನೆ ಮಾಡಿದ, ಲೆಕ್ಕ ತಪ್ಪಬಾರದಲ್ಲ.